ನಲವತ್ತೆರಡು ಅಡಿಯ ಬೇರು

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ ನೋಡಿ, ತೊಗರಿಯ ಬೇರು ಎಷ್ಟು ಆಳ ಇಳಿಯುತ್ತದೆ ಎಂದು. ನಲವತ್ತೆರಡು ಅಡಿ ಎನ್ನುತ್ತಾರೆ. ನಲವತ್ತೂ ಇಲ್ಲ, ನಲವತ್ತೈದೂ ಇಲ್ಲ, ಕರಾರುವಾಕ್ಕಾಗಿ ನಲವತ್ತೆರಡು. ಬೀಜದಂಗಡಿಯ ಕ್ಯಾಲೆಂಡರಿನಲ್ಲಿ ಅದು ಅಚ್ಚಾಗಿದೆ. ಗೋದಾಮಿನ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಬರೆದಿದೆ. ಶಾಲೆಯ ಮಕ್ಕಳು 'ನಮ್ಮ ಜಿಲ್ಲೆಯ ಬೆಳೆ' ಎಂದು ಪ್ರಬಂಧ ಬರೆದರೆ ಮೊದಲ ಸಾಲೇ ಇದು. ಚುನಾವಣೆ ಬಂತೆಂದರೆ ಒಬ್ಬನಲ್ಲ ಒಬ್ಬ ಮುಖಂಡ ಮೈಕು ಹಿಡಿದು, ನಮ್ಮ ಪಕ್ಷದ ಬೇರು ಸುದ್ದಾ ನಲವತ್ತೆರಡು ಅಡಿ ಅದ ಎಂದು ಕೂಗಿ ಚಪ್ಪಾಳೆ ಗಿಟ್ಟಿಸುತ್ತಾನೆ. ಇಷ್ಟು ಜನ ಇಷ್ಟು ವರ್ಷ ಹೇಳಿದ ಮೇಲೆ ನೆಲ ಅಗೆದು ನೋಡುವ ಉಸಾಬರಿ ಯಾರಿಗೆ ಬೇಕು?

ಅಗೆದು ನೋಡಿದವರ ಮಾತು ಬೇರೆ. ಆರೇಳು ಅಡಿ ಇಳಿದರೆ ತೊಗರಿಯ ಬೇರಿಗೆ ಅದೇ ದೊಡ್ಡದು. ಜೇವರ್ಗಿಯ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಸಾಯಿರಾ ಇದನ್ನು ಹದಿನೆಂಟು ವರ್ಷಗಳಿಂದ ಪ್ರತಿ ಬ್ಯಾಚಿಗೂ ಹೇಳುತ್ತ ಬಂದಿದ್ದಾಳೆ. ಹುಡುಗರು ತಲೆಯಾಡಿಸುತ್ತಾರೆ, ನೋಟ್ಸು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಮಾತ್ರ ನಲವತ್ತೆರಡು ಎಂದೇ ಬರೆಯುತ್ತಾರೆ. ಅದರ ಮೇಲೆ ಕೆಂಪು ಗೀಟು ಎಳೆಯುವಾಗ ಅವಳ ಕೈ ಪ್ರತಿ ಸಲ ಕೊಂಚ ತಡೆಯುತ್ತದೆ. ಆ ಅಂಕಿ ಊರ ಮೇಲೆ ಹೊರಟದ್ದು ಅವಳ ಮನೆಯಿಂದಲೇ.

ಈ ಡಿಸೆಂಬರಿನಲ್ಲಿ ಅನೂಪನೆಂಬ ಹುಡುಗ ಅವಳಿಗೊಂದು ಕರಡು ಕಳಿಸಿದ. ಕಲಬುರಗಿಯವನು, ಕೃಷಿಯಲ್ಲಿ ಡಾಕ್ಟರೇಟು ಮಾಡಿದವನು, ತೊಗರಿಯ ಮೇಲೊಂದು ಕೈಪಿಡಿ ಮಾಡುತ್ತಿದ್ದ. ತಪ್ಪೊಪ್ಪು ನೋಡಿಕೊಡಿ ಮೇಡಂ ಎಂದು ಕೇಳಿಕೊಂಡಿದ್ದ. ಸ್ಟಾಫ್ ರೂಮಿನಲ್ಲಿ ಕೂತು ಓದುತ್ತಿದ್ದ ಸಾಯಿರಾ ಮೂವತ್ತೊಂದನೇ ಪುಟದ ಅಡಿಟಿಪ್ಪಣಿಗೆ ಬಂದಳು. 'ನಲವತ್ತೆರಡು ಅಡಿ ಎಂಬ ಅಂಕಿಗೆ ವೈಜ್ಞಾನಿಕ ಆಧಾರವಿಲ್ಲ. ಅಫಜಲಪುರ ತಾಲೂಕಿನ ಗೊಬ್ಬೂರಿನ ಬಾವಿ ತೋಡುವವನೊಬ್ಬನ ಬಡಾಯಿಯಿಂದ ಇದು ಹುಟ್ಟಿದಂತೆ ತೋರುತ್ತದೆ.'

ಅವಳು ಫೋನು ಹಚ್ಚಿದಳು.

"ಅನೂಪ, ಈ ಬಡಾಯಿ ಅನ್ನೂ ಮಾತು ಎಲ್ಲಿ ಸಿಕ್ತು ನಿಮಗ?"

"ಗೊಬ್ಬೂರಾಗ್ರಿ ಮೇಡಂ. ಅಲ್ಲಿ ಹಿರ್ಯಾರ್ನ ಕೇಳಿದ್ರ ಈಗೂ ನಗ್ತಾರ. ಬಡಾಯಿ ಯಾಕೂಬ ಅಂತನ ಹೆಸರಂತ್ರಿ ಅವರಿಗೆ."

"ಅವರು ನಮ್ಮ ಅಬ್ಬಾ."

"ತೆಗೀತೇನ್ರಿ ಮೇಡಂ. ಈಗಿಂದೀಗ ತೆಗೀತೇನಿ."

"ನಮ್ಮ ಅಬ್ಬಾ ಅಂತ ತೆಗೀಬ್ಯಾಡ್ರಿ. ಬಡಾಯಿ ಕೊಚ್ಚಿದ್ದು ಖರೇನ ಇದ್ರ ಇರ್ಲಿ. ಎಂಟು ದಿನ ಟೈಮ್ ಕೊಡ್ರಿ, ನೋಡ್ತೇನಿ."

ದೊಡ್ಡ ಮಾತು ಆಡಿದಳು, ನಿಜ. ಆದರೆ ಫೋನು ಇಟ್ಟ ಮೇಲೆ ಅದೇ ಅಡಿಟಿಪ್ಪಣಿಯನ್ನು ಮತ್ತೆ ಮತ್ತೆ ಓದಿದಳು. ಯಾಕೂಬಸಾಬ ತೀರಿಕೊಂಡು ಹನ್ನೊಂದು ವರ್ಷ. ಊರವರು ಬಡಾಯಿ ಎಂದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವಳಿಗೆ ನುಂಗಲಾಗದ್ದು ಇನ್ನೊಂದು. ಆ ಮಾತನ್ನು ಅವಳೂ ಆಡಿದ್ದಳು, ಅವರ ಎದುರಿಗೇ. ಎಂಎಸ್ಸಿ ಮೊದಲ ವರ್ಷ, ರಂಜಾನ್ ಹಬ್ಬಕ್ಕೆ ಮನೆಗೆ ಬಂದಿದ್ದಳು. ಮನೆತುಂಬ ನೆಂಟರು. ಯಾರೋ ಯಾಕೂಬಸಾಬರನ್ನು ಕಾಡಿಸಲಿಕ್ಕೆ ನಲವತ್ತೆರಡು ಅಡಿಯ ಮಾತು ತೆಗೆದರು. ಹೊಸದಾಗಿ ಓದಿದವರ ತಲೆ ಗೊತ್ತಲ್ಲ, ಸುಮ್ಮನಿರಲಿಕ್ಕೆ ಬಿಡುವುದಿಲ್ಲ. "ಸಾಕು ಬಿಡ್ರಿ ಅಬ್ಬಾ ಆ ಬಡಾಯಿ. ಏಳು ಅಡಿ ದಾಟೂದಿಲ್ಲ ಅದು" ಎಂದುಬಿಟ್ಟಳು. ನೆಂಟರು ಹೋ ಎಂದು ನಕ್ಕರು. ಯಾಕೂಬಸಾಬ ಒಂದು ಕ್ಷಣ ಮಗಳನ್ನೇ ನೋಡಿ, ಮತ್ತೆ ಶೀರಖುರಮಾದ ಬಟ್ಟಲಿನತ್ತ ಕಣ್ಣು ಇಳಿಸಿದರು. ಅಷ್ಟೇ. ಅಪ್ಪ ಸಿಕ್ಕಿಬಿದ್ದರು ಎಂದು ಅವಳು ಅಂದು ತಿಳಿದಿದ್ದಳು. ಆಮೇಲೆ ಆ ಮಾತು ಮನೆಯಲ್ಲಿ ಬರಲೇ ಇಲ್ಲ, ಅವಳು ಕೇಳಲೂ ಇಲ್ಲ, ಅವರು ಹೊರಟೇಹೋದರು. ಅಬ್ಬಾ ಸುಳ್ಳು ಹೇಳಿದ್ದರೇ? ಈಗ ಅವಳಿಗೆ ಬೇಕಾಗಿದ್ದು ಇದೊಂದೇ.

ಮರುದಿನ ರಜೆ ಹಾಕಿ ಅಫಜಲಪುರಕ್ಕೆ ಹೋದಳು. ಬೀಜದಂಗಡಿಯ ಧರ್ಮರಾಜನನ್ನು, ಕ್ಯಾಲೆಂಡರಿಗೆ ಈ ಅಂಕಿ ಎಲ್ಲಿಂದ ತಂದಿರಿ ಎಂದು ಕೇಳಿದಳು. "ಗೋದಾಮಿನ ಗ್ವಾಡಿ ಮ್ಯಾಲ ಬರ್ದಾರಲ್ರಿ, ನೋಡಿ ಹಾಕ್ಸೇನಿ" ಎಂದ. ಗೋಡೆ ಬರೆದ ಪೇಂಟರನ್ನು ಹುಡುಕಿದಳು. "ಧರ್ಮರಾಜ ಸಾವಕಾರ್ರ ಕ್ಯಾಲೆಂಡರ್ ನೋಡಿ ಬರ್ದೇನ್ರಿ" ಎಂದ ಅವನು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಇಬ್ಬರೂ ನಿಶ್ಚಿಂತರಾಗಿದ್ದರು. ಸಾಯಿರಾಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ಕೊನೆಗೆ ದಾರಿ ತೋರಿಸಿದ್ದು ಅವಳದೇ ಕಾಲೇಜಿನ ಲೈಬ್ರರಿ. ಮೂವತ್ತು ವರ್ಷದ ಹಿಂದೆ ರೈತರ ತರಬೇತಿಗೆಂದು ಯಾರೋ ತಂದ ತೆಳು ಪುಸ್ತಿಕೆಯೊಂದು ದೂಳು ತಿನ್ನುತ್ತ ಬಿದ್ದಿತ್ತು. 'ತೊಗರಿಯ ಬೇರು ನಲವತ್ತೆರಡು ಅಡಿ ಇಳಿಯುವುದೆಂದು ಸಂಶೋಧನೆಯಿಂದ ತಿಳಿದುಬಂದಿದೆ' ಎಂದಿತ್ತು. ಯಾರ ಸಂಶೋಧನೆ, ಎಲ್ಲಿ ಮಾಡಿದ್ದು ಎಂಬ ಸುದ್ದಿಯೇ ಇಲ್ಲ. ಆದರೆ ಕೊನೆಯ ಪುಟದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಆಧಾರ: ವ್ಯಂಕಟೇಶ, ಕೃಷಿ ಸಹಾಯಕ, ಅಫಜಲಪುರ, ರೇಡಿಯೋ ಭಾಷಣ, 1986. ಪೆನ್ಶನ್ ತೆಗೆದುಕೊಳ್ಳುವವರನ್ನು ವಿಚಾರಿಸಿದಾಗ ಅವರಿನ್ನೂ ಇದ್ದಾರೆ, ತಮ್ಮೂರು ಮಾದನಹಿಪ್ಪರಗಾದಲ್ಲಿದ್ದಾರೆ ಎಂದು ತಿಳಿಯಿತು.

ಭಾನುವಾರ ಬೆಳಿಗ್ಗೆ ಜೇವರ್ಗಿ ಬಿಟ್ಟವಳು ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಆಳಂದದಲ್ಲಿ ಇನ್ನೊಮ್ಮೆ ಬದಲಿಸಿ, ಕಿಟಕಿಯ ಪಕ್ಕ ಕೂತಳು. ಎರಡೂ ಕಡೆ ತೊಗರಿ ಎದೆಯೆತ್ತರ ನಿಂತಿತ್ತು, ಅರ್ಧ ಹಳದಿ ಹೂವು, ಅರ್ಧ ಕಾಯಿ. ಪಕ್ಕದ ಹೆಂಗಸು ಉಪ್ಪು ಹಾಕಿ ಕುದಿಸಿದ ತೊಗರಿಕಾಯಿ ಸುಲಿಯುತ್ತಿದ್ದಳು, ಕೇಳದೆಯೇ ಒಂದು ಹಿಡಿ ಇವಳ ಕೈಗೆ ಹಾಕಿದಳು. ಆ ವಾಸನೆಗೆ ಸಾಯಿರಾಳ ಮನಸ್ಸು ಗೊಬ್ಬೂರಿನ ಬಾವಿಯ ದಂಡೆಗೆ ಹೋಗಿ ಕೂತುಬಿಟ್ಟಿತು.

ಅವಳಿಗಾಗ ಆರು ವರ್ಷ. ಶಾಲೆಗೆಂದು ಹೊರಟವಳು ಅರ್ಧದಾರಿಯಲ್ಲಿ ತಿರುಗಿ ಅಬ್ಬಾ ಬಾವಿ ತೋಡುತ್ತಿದ್ದ ಹೊಲಕ್ಕೆ ಓಡುತ್ತಿದ್ದಳು. ಶಾಲೆಯಲ್ಲಿ ಎಣಿಸಲಿಕ್ಕೆ ಹೇಳುತ್ತಿದ್ದರು, ಐದಾದ ಮೇಲೆ ಏನು ಬರುತ್ತದೆಂದು ತೋಚದೆ ಅಳು ಬರುತ್ತಿತ್ತು. ಬಾವಿಯ ಹತ್ತಿರ ಯಾರೂ ಏನೂ ಕೇಳುತ್ತಿರಲಿಲ್ಲ. ಮೇಲೆ ತಂದು ಸುರಿದ ತಂಪು ಗರಸಿನ ಗುಡ್ಡೆಯ ಮೇಲೆ ಕೂತು ಕಾಯುವುದು. ಬುಟ್ಟಿ ಮೇಲೆ ಬರುತ್ತಿತ್ತು, ಬರಿದಾಗಿ ಕೆಳಗೆ ಹೋಗುತ್ತಿತ್ತು. ಮಧ್ಯಾಹ್ನ ಅಬ್ಬಾ ಮೇಲೆ ಹತ್ತಿ ಬಂದರೆ ಮೈಯೆಲ್ಲ ಕೆಸರು, ಕಣ್ಣು ಹಲ್ಲು ಮಾತ್ರ ಬಿಳಿ. ಅವಳನ್ನು ಹೆದರಿಸಲಿಕ್ಕೆ ಕಣ್ಣು ಅಗಲ ಮಾಡುತ್ತಿದ್ದರು, ಅವಳು ಹೆದರಿದವಳಂತೆ ನಟಿಸುತ್ತಿದ್ದಳು. ಆಮೇಲೆ ಲುಂಗಿಯ ಗಂಟಿನಿಂದ ಅವಳಿಗೊಂದು ಕಲ್ಲು. ನುಣುಪಾದ, ಹಾಲಿನ ಬಣ್ಣದ, ನೆಲದ ಹೊಟ್ಟೆಯೊಳಗಿನ ಕಲ್ಲು. "ಇದನ್ನ ನೋಡಿದ ಮೊದಲನೇ ಮನಷ್ಯಾ ನಾ, ಎರಡನೇದಾಕಿ ನೀ" ಎನ್ನುತ್ತಿದ್ದರು. ಅಂಥ ಸುಖ ಆಮೇಲೆ ಅವಳಿಗೆ ಯಾವ ಲ್ಯಾಬಿನಲ್ಲೂ ಸಿಗಲಿಲ್ಲ.

ಮಾದನಹಿಪ್ಪರಗಾದಲ್ಲಿ ಬಸ್ಸಿಳಿದು ಕೇಳುತ್ತ ಹೋದಳು. ವ್ಯಂಕಟೇಶರಿಗೆ ಎಂಬತ್ತು ದಾಟಿತ್ತು, ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂತಿದ್ದರು. ಹೆಂಡತಿ ಪ್ರಮಿಲಾ ಚಹಾಕ್ಕೆ ಒಳಗೆ ಹೋದರು.

"ಯಾರ್ ಪೈಕಿ ಆದ್ರಿ?"

"ಗೊಬ್ಬೂರ ಯಾಕೂಬಸಾಬರ ಮಗಳ್ರಿ. ಬಾವಿ ತೋಡ್ತಿದ್ರಲ್ರಿ."

ಮುದುಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏಳು ಗಂಟು ಅಂತ ಒದರಿದಾಕಿ ನೀನ ಏನು?"

ಹೌದು, ಒದರಿದ್ದಳು. ಬಾವಿಯ ಒಂದು ಗೋಡೆಯ ಮಣ್ಣು ಕುಸಿದು, ದಂಡೆಯಲ್ಲಿದ್ದ ತೊಗರಿ ಗಿಡದ ಬೇರು ಬುಡದಿಂದ ತುದಿಯವರೆಗೆ ಬಯಲಾಗಿ ಜೋತಾಡುತ್ತಿತ್ತು. ಅಬ್ಬಾ ಒಳಗಿನ ಮೆಟ್ಟಿಲ ಮೇಲೆ ನಿಂತು ಹಗ್ಗದ ತುದಿಯನ್ನು ಬೇರಿನ ತುದಿಗೆ ಹಿಡಿದಿದ್ದರು. ದಂಡೆಯ ಮೇಲೆ ಬೋರಲು ಬಿದ್ದು ಗಂಟು ಎಣಿಸಿದವಳು ಅವಳು. ಐದಾಯಿತು, ಆರಾಯಿತು, ಏಳಾಯಿತು, ಅಳಲಿಲ್ಲ. ಗಂಟಲು ಹರಿಯುವಂತೆ ಕೂಗಿದ್ದಳು.

"ಮತ್ತ ನಲವತ್ತೆರಡು ಎಲ್ಲಿಂದ ಬಂತ್ರಿ?"

ವ್ಯಂಕಟೇಶರು ಒಳಗೆ ಹೋಗಿ ಟ್ರಂಕು ತೆಗೆಸಿದರು. ನೌಕರಿ ಮಾಡಿದಷ್ಟು ವರ್ಷದ ಡೈರಿಗಳೂ ಅದರಲ್ಲಿದ್ದವು, ರೇಡಿಯೋ ಭಾಷಣದ ಟೈಪು ಮಾಡಿದ ಹಾಳೆಗಳೂ. ಭಾಷಣದಲ್ಲಿ ಅವಳ ಹೆಸರಿತ್ತು. 'ಯಾಕೂಬಸಾಬರ ಪುಟ್ಟ ಮಗಳು ಸಾಯಿರಾ ಹಗ್ಗದ ಗಂಟುಗಳನ್ನು ಎಣಿಸಿ ಹೇಳಿದಳು.' ಅವಳಿಗೆ ಒಮ್ಮೆಗೇ ಇನ್ನೊಂದು ದಿನ ನೆನಪಾಯಿತು. ರೇಡಿಯೋದಲ್ಲಿ ಇದು ಬಂದ ಮೇಲೆ ಹೆಡ್ ಮಾಸ್ತರ ಜಗದೇವ ಅವಳನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ, ರೇಡಿಯೋದಾಗ ಹೆಸರು ಬಂದದ್ದು ಈ ಶಾಲೆಯೊಳಗ ಒಬ್ಬಾಕಿದ ಎಂದಿದ್ದರು. ಇಡೀ ಶಾಲೆ ಚಪ್ಪಾಳೆ ತಟ್ಟಿತ್ತು.

"ಆ ಕಾಲದಾಗ ಬಾವಿ ತೋಡವ್ರೆಲ್ಲ ಹಗ್ಗಕ್ಕ ಮಾರಿಗೊಂದು ಗಂಟು ಹಾಕ್ತಿದ್ರು" ಎಂದು ವ್ಯಂಕಟೇಶರು ಎರಡೂ ಕೈ ಅಗಲಿಸಿ ತೋರಿಸಿದರು. "ಒಂದು ಮಾರು ಅಂದ್ರ ಆರು ಅಡಿ. ಏಳು ಗಂಟು ಅಂದಿ ನೀ. ಏಳಾರ್ಲೆ ನಲವತ್ತೆರಡು ಅಂತ ಬರ್ಕೊಂಡೆ."

"ಬಾವಿಯೊಳಗ ಹಣಿಕಿ ಹಾಕಿ ನೋಡಲಿಲ್ಲೇನ್ರಿ? ಏಳಡಿ ಯಾವ್ದು, ನಲವತ್ತೆರಡು ಯಾವ್ದು, ಕಣ್ಣಿಗೆ ಕಾಣಸ್ತಿತ್ತಲ್ರಿ?"

ಚಹಾ ತಂದ ಪ್ರಮಿಲಾ ನಕ್ಕುಬಿಟ್ಟರು. "ಇವರಾ? ಇವರಿಗೆ ಬಾವಿ ಕಂಡ್ರ ತಲಿ ತಿರಗ್ತದವಾ. ನಮ್ಮ ಹಿತ್ತಲ ಬಾವಿಗೆ ಸುದ್ದಾ ಒಂದಿನ ಹೋಗಿಲ್ಲ."

ವ್ಯಂಕಟೇಶರು ನಗಲಿಲ್ಲ. ಅವತ್ತು ದೂರದ ಬೇವಿನ ಗಿಡದ ಕೆಳಗೆ ಸೈಕಲ್ಲು ನಿಲ್ಲಿಸಿಕೊಂಡು, ಅಲ್ಲಿಂದಲೇ ಎಷ್ಟಾತು ಎಂದು ಕೇಳಿ, ಅಲ್ಲಿಂದಲೇ ಬರೆದುಕೊಂಡು ಬಂದಿದ್ದರು. ಮೂರು ತಾಲೂಕು ಮೂವತ್ತೊಂಬತ್ತು ವರ್ಷ ಬಾಯಿಪಾಠ ಮಾಡಿದ ಸಂಶೋಧನೆ ಇಷ್ಟೇ ಆಗಿತ್ತು. ಅವರು ಆ ವರ್ಷದ ಡೈರಿಯ ಒಂದು ಪುಟ ತೆರೆದು ಅವಳ ಕೈಗೆ ಕೊಟ್ಟರು. ರೇಡಿಯೋ ಭಾಷಣವಾದ ಎರಡು ದಿನದ ಮೇಲಿನ ತಾರೀಖು. ನೀಲಿ ಮಸಿಯ ಅಕ್ಷರ ಸ್ವಲ್ಪ ಹರಡಿತ್ತು.

'ಯಾಕೂಬಸಾಬ ಆಫೀಸಿಗೆ ಬಂದಿದ್ದರು. ಅವತ್ತು ದೊಡ್ಡ ಹಗ್ಗ ಮಣ್ಣಿನ ಬುಟ್ಟಿಗೆ ಕಟ್ಟಿತ್ತಂತೆ. ಅಳೆದದ್ದು ಮಗಳ ಹಗ್ಗದಿಂದ. ಎಣಿಸಲು ಕಲಿಯಲೆಂದು ಅವಳಿಗೇ ಮಾಡಿಕೊಟ್ಟದ್ದು. ಗಂಟುಗಳು ಅವಳ ಮೊಳದವು. ಹಗ್ಗ ತರಲು ಹೇಳಿದ್ದೇನೆ. ಸೋಮವಾರ ತರುವೆನೆಂದರು.'

ಸಾಯಿರಾ ಎರಡು ಸಲ ಓದಿದಳು. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿ. ಆರು ವರ್ಷದ ಹುಡುಗಿಯ ಮೊಳ ಎಷ್ಟಿದ್ದೀತು, ಒಂದಡಿ ತುಂಬಿದರೆ ಹೆಚ್ಚು. ಏಳು ಗಂಟಿಗೆ ಏಳು ಅಡಿ. ಪುಸ್ತಕದಲ್ಲಿರುವಷ್ಟೇ, ಅವಳು ಪ್ರತಿ ವರ್ಷ ಕಲಿಸುವಷ್ಟೇ. ಅಬ್ಬಾ ಬಡಾಯಿ ಕೊಚ್ಚಿರಲಿಲ್ಲ. ಕೂಲಿ ಬಿಟ್ಟು ಬಸ್ಸು ಹತ್ತಿ ತಿದ್ದಲಿಕ್ಕೆ ಬಂದಿದ್ದರು. ಅವಳಿಗೆ ಕಣ್ಣು ತುಂಬಿ ಬಂತು, ಪರರ ಅಂಗಳ ಎಂಬ ನಾಚಿಕೆಯೂ ಉಳಿಯಲಿಲ್ಲ.

"ಸೋಮವಾರ ಬಂದ್ರೇನ್ರಿ?"

"ಬಂದ್ರು. ಹಗ್ಗ ತಂದಿರಲಿಲ್ಲ. 'ಇರ್ಲಿ ಬಿಡ್ರಿ ಸಾಹೇಬ್ರ, ಈಗ ತಿದ್ದಬ್ಯಾಡ್ರಿ' ಅಂದು ಕೈ ಮುಗದು ಹ್ವಾದ್ರು."

"ಯಾಕಂತ ಕೇಳಲಿಲ್ಲೇನ್ರಿ?"

"ಕೇಳಲಿಲ್ಲ ನನ್ನವ್ವ" ಎಂದರು ಮುದುಕರು. "ರೇಡಿಯೋದಾಗ ಹೇಳಿದ್ದು ತಪ್ಪು ಅಂತ ನಮ್ಮ ಮ್ಯಾಲಿನ ಸಾಹೇಬ್ರ ಮುಂದ ಹೆಂಗ ನಿಲ್ಲೂದು ಅಂತ ಎರಡು ರಾತ್ರಿ ನಿದ್ದಿ ಮಾಡಿರಲಿಲ್ಲ. ಅವರ ಬ್ಯಾಡ ಅಂದ್ರು, ನನಗ ಅಷ್ಟ ಬೇಕಾಗಿತ್ತು. ತಪ್ಪು ನಂದು, ಬಡಾಯಿ ಅನಿಸಿಕೊಂಡವರು ಅವರು. ಇಷ್ಟು ವರ್ಷದಾಗ ಯಾರರ ಬಂದು ಕೇಳ್ತಾರ ಅಂತ ಈ ಡೈರಿ ಇಟ್ಟೇನಿ. ಯಾರೂ ಬರಲಿಲ್ಲ."

ಅವರು ಭಾಷಣದ ಹಾಳೆ, ಡೈರಿಯ ಪುಟ ಎರಡರ ಫೋಟೋ ತೆಗೆದುಕೊಳ್ಳಲು ಬಿಟ್ಟರು. ಮನಸ್ಸಿನಲ್ಲಿ ಅವಳು ಅವರನ್ನು ಬೈಯಬೇಕೆಂದಿದ್ದಳು, ಹೊರಡುವಾಗ ಕಾಲು ಮುಟ್ಟಿ ಬಂದಳು.

ಜೇವರ್ಗಿ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ತಾಯಿ ವಜೀರುನ್ನಿಸಾ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ಗಂಡ ಹೋದಾಗಿನಿಂದ ಅವಳು ಮಗಳ ಮನೆಯಲ್ಲೇ. ನಮಾಜಿಗೆ, ನೆಂಟರಿಗೆ, ನಗೆಮಾತಿಗೆ ಉರ್ದು. ಸಿಟ್ಟಿಗೆ ಮತ್ತು ಸಂಕಟಕ್ಕೆ ಕನ್ನಡ, ಇದು ಅವಳ ರೀತಿ. ಸಾಯಿರಾ ಬುರ್ಖಾ ಸಹ ತೆಗೆಯದೆ ಪಕ್ಕಕ್ಕೆ ಕೂತು ಫೋನು ಮುಂದೆ ಹಿಡಿದು ಡೈರಿಯ ಪುಟ ಓದಿ ಹೇಳಿದಳು. ವಜೀರುನ್ನಿಸಾ ಮೊರ ಕೆಳಗಿಟ್ಟಳು.

"ನಿನಗ ಗೊತ್ತಿತ್ತೇನು ಅಮ್ಮಿ?"

"ಗೊತ್ತಿತ್ತು" ಎಂದಳು ವಜೀರುನ್ನಿಸಾ ಕನ್ನಡದಲ್ಲಿ. "ಹೇಳಬ್ಯಾಡ ಅಂದಿದ್ರು."

"ಸೋಮವಾರ ಹಗ್ಗ ಯಾಕ ಒಯ್ಯಲಿಲ್ಲ ಅಬ್ಬಾ?"

"ಚೀಲದಾಗ ಹಾಕ್ಕೊಂಡು ನಿಂತಿದ್ರು ಬೇ. ಸಾಲ್ಯಾಗ ನಿನಗ ಚಪ್ಪಾಳಿ ತಟ್ಟಿದ ಮ್ಯಾಲ ಅವತ್ತು ನೀ ಯಾರೂ ಎಬ್ಬಿಸದ ಎದ್ದಿ. ನಿನ್ನ ಜಡಿ ನೀನ ಹಾಕ್ಕೊಂಡಿ, ಅದೊಂದು ಮ್ಯಾಲ, ಇದೊಂದು ಕೆಳಗ. ಪಾಟಿ ಚೀಲ ಹೆಗಲಿಗೆ ಹಾಕ್ಕೊಂಡು ಗಂಟಿ ಬಾರಿಸೂಕಿಂತ ಮೊದಲ ಸಾಲಿಗೆ ಓಡಿದಿ. ಅದಕ್ಕ ಮೊದಲ ಒಂದಿನರ ಅಳದ ಹೋಗಿದ್ದಿಲ್ಲ. ಇವರು ಓಣಿಯೊಳಗ ನಿಂತು ನೀ ಮರೆ ಆಗೂತನಕ ನೋಡಿದ್ರು. ಒಳಗ ಬಂದು ಹಗ್ಗ ಗೂಟಕ್ಕ ಹಾಕಿದ್ರು. ನಾ ಜಗಳಾಡಿದೆ. ಮಂದಿ ಬಾಯಿಗೆ ಬಂದಂಗ ಆಡ್ತಾರ, ಖರೇ ಹೇಳಿ ಬರ್ರಿ ಅಂದೆ. ಅವರೇನಂದ್ರು ಗೊತ್ತದ ಏನು? 'ಐದರ ಮುಂದ ಎಣಿಸಲಿಕ್ಕೆ ಅಳತಿತ್ತು ಕೂಸು. ಈಗ ಏಳಕ್ಕ ಬಂದದ. ನಾ ಹೋಗಿ ತಪ್ಪು ಅಂದ್ರ ಮತ್ತ ಐದಕ್ಕ ನಿಲ್ತದ. ಮಂದಿ ಏನರ ಅನ್ಲಿ.'"

ಸಾಯಿರಾಗೆ ಕೇಳುವುದಕ್ಕೆ ಹೆದರಿಕೆಯಾಗುತ್ತಿತ್ತು, ಕೇಳದೆ ಇರಲಾಗಲಿಲ್ಲ. "ಹಬ್ಬದಾಗ ನಾ ಎಲ್ಲಾರ ಮುಂದ ಬಡಾಯಿ ಅಂದೆ. ಅವತ್ತರ ಹೇಳಬೇಕಾಗಿತ್ತಲ್ಲ ಅಮ್ಮಿ. ಎಷ್ಟು ನೊಂದುಕೊಂಡಿರ್ಬೇಕು."

"ನೊಂದುಕೊಂಡ್ರು ಅಂತ ಯಾರು ಹೇಳಿದ್ರು ನಿನಗ?" ವಜೀರುನ್ನಿಸಾಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಮಂದಿ ಹ್ವಾದ ಮ್ಯಾಲ ನಾನೂ ಹಂಗ ಅಂದೆ. ಈಗ ದೊಡ್ಡಾಕಿ ಆಗ್ಯಾಳ, ಹೇಳಿಬಿಡ್ರಿ ಅಂತ. 'ಹೇಳೂದೇನದ ಇನ್ನ? ಏಳ ಅಡಿ ಅಂತ ಅಕಿನ ಹೇಳಿದಳಲ್ಲ. ಹಗ್ಗ ಇಲ್ಲದ ಎಣಿಸ್ಯಾಳ' ಅಂದ್ರು. ಅವತ್ತು ಮಲಗೂತನಕ ಒಬ್ಬರ ನಗತಿದ್ರು, ಹುಚ್ಚರಂಗ."

ಸಾಯಿರಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ನಲವತ್ತೈದು ವರ್ಷದ ಹೆಂಗಸು, ಕಾಲೇಜಿನಲ್ಲಿ ಹುಡುಗರು ಎದುರು ನಿಲ್ಲಲು ಹೆದರುವ ಮೇಡಂ, ಮುಚ್ಚುಮರೆಯಿಲ್ಲದೆ ಅತ್ತಳು. ದುಃಖ ಅದರಲ್ಲಿ ಅರ್ಧವೂ ಇರಲಿಲ್ಲ. ವಜೀರುನ್ನಿಸಾ ಬೇಳೆಯ ಹೊಟ್ಟು ಅಂಟಿದ ಕೈಯಿಂದಲೇ ಅವಳ ಕೂದಲು ನೇವರಿಸುತ್ತ ಕೂತಳು.

ಅಷ್ಟರಲ್ಲಿ ಅನೂಪನ ಫೋನು ಬಂತು. ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗುವುದಿತ್ತು. ಸಾಯಿರಾ ಸ್ಪೀಕರು ಹಾಕಿ, ಮೂಗು ಒರೆಸಿಕೊಂಡು, ಹಗ್ಗ ಯಾರದು, ಗಂಟು ಎಷ್ಟೆಷ್ಟರದು, ಬರೆದುಕೊಂಡವರು ಎಲ್ಲಿ ನಿಂತಿದ್ದರು ಎಂದು ಒಂದೊಂದಾಗಿ ಹೇಳಿದಳು. ಎಣಿಸಿದಾಕಿ ನಾನೇ, ನನ್ನ ಹೆಸರು ಹಾಕ್ರಿ ಎಂದಳು. ಹುಡುಗ ಕೀಲಿಮಣೆ ಕುಟ್ಟುವುದು ಕೇಳಿಸುತ್ತಿತ್ತು. ಒಳ್ಳೆಯ ಹುಡುಗ, ಅವಳ ದನಿಯಲ್ಲೇ ಎಲ್ಲ ತಿಳಿದುಕೊಂಡು ಮೃದುವಾಗಿ ಕೇಳಿದ.

"ಬಡಾಯಿ ಅನ್ನೂದು ತೆಗದೇನ್ರಿ ಮೇಡಂ. ಅಳತಿ ತಪ್ಪಾಗಿದ್ದು ಯಾಕೂಬಸಾಬರಿಗೆ ಗೊತ್ತಿರಲಿಲ್ಲ ಅಂತ ಬರೀಲ್ಯಾ?"

ವಜೀರುನ್ನಿಸಾ ಮಗಳ ಕೈಯಿಂದ ಫೋನು ಕಸಿದುಕೊಂಡಳು. ಓದಿದವರ ಜೊತೆ ಫೋನಿನಲ್ಲಿ ಮಾತಾಡಿ ಅವಳಿಗೆ ರೂಢಿಯಿರಲಿಲ್ಲ, ಊರಿಗೆಲ್ಲ ಕೇಳುವಂತೆ ಕೂಗಿದಳು.

"ಗೊತ್ತಿತ್ತು ಬೇಟಾ. ಹಂಗ ಬರ್ಕೊ. ಗೊತ್ತಿದ್ದ ಸುಮ್ನ ಇದ್ರು."

"ಯಾಕ್ರಿ ಅಮ್ಮಾ?" ಎಂದ ಅನೂಪ.

ವಜೀರುನ್ನಿಸಾ ಫೋನನ್ನು ಮಗಳ ಕೈಯಲ್ಲಿಟ್ಟಳು. "ಅದನ್ನ ನೀ ಹೇಳು" ಎಂದಳು.